ಮರ ಹತ್ತೋ ಮಾತು 6: ಥ್ರೋ ಬ್ಯಾಗ್ ಎಷ್ಟು ಗ್ರಾಂ ಇರಬೇಕು?

(1/4)
ಮೊದಲನೇ ಫೋಟೋ ಜೂಮ್ ಮಾಡಿ. ಹುಣಸೆ ಮರದ ಕವಲಲ್ಲಿ ಕೆಂಪಗೆ ಏನೋ ಕಾಣ್ತಿದೆ ಅಲ್ವಾ? ಅದು ನನ್ನ ಥ್ರೋ ಬ್ಯಾಗ್. 280 ಗ್ರಾಂ. ಎಸೆದಿದ್ದು ಒಂದೇ ಸಲಕ್ಕೆ ಕೊಂಬೆ ದಾಟಿತು, ಎಲ್ಲರೂ ಚಪ್ಪಾಳೆ ಹೊಡೆದ್ರು. ಆಮೇಲೆ ಎರಡು ಗಂಟೆ ಅದು ಕೆಳಗೆ ಬರಲೇ ಇಲ್ಲ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಹಗ್ಗ ಹಾಕಿ ಮರ ಹತ್ತೋರು ದಪ್ಪ ಹಗ್ಗವನ್ನ ನೇರವಾಗಿ ಮೇಲೆ ಎಸೆಯಲ್ಲ. ಸುಮಾರು 2 ಮಿ.ಮೀ. ದಪ್ಪದ ಜಾರುವ ದಾರದ ತುದಿಗೆ ಸಣ್ಣ ಭಾರದ ಚೀಲ ಕಟ್ಟಿ ಕೊಂಬೆ ಮೇಲಿಂದ ದಾಟಿಸ್ತೀವಿ. ಚೀಲ ಆ ಕಡೆ ನೆಲಕ್ಕೆ ಇಳಿದ ಮೇಲೆ ಬಿಚ್ಚಿ, ಅದೇ ದಾರಕ್ಕೆ ಹತ್ತೋ ಹಗ್ಗ ಕಟ್ಟಿ ಎಳ್ಕೊಳ್ತೀವಿ. ದಾರದ ಕೆಲಸ ಅಷ್ಟೇ, ಅದು ಮನುಷ್ಯರ ಭಾರ ಹೊರೋಕಲ್ಲ.

ಅಂಗಡೀಲಿ ಸಿಗೋ ಚೀಲಗಳು ಹೆಚ್ಚಾಗಿ 10, 12, 14, 16 ಔನ್ಸ್. ಅಂದ್ರೆ ಸುಮಾರು 280, 340, 400, 450 ಗ್ರಾಂ. ಮೆಸೇಜಲ್ಲಿ ಎಲ್ಲರೂ ಕೇಳೋದು ಒಂದೇ: "ಹಗುರದ್ದು ತಗೊಂಡ್ರೆ ಜಾಸ್ತಿ ಎತ್ತರ ಹೋಗುತ್ತಾ?" ಹೋಗುತ್ತೆ. ಆದರೆ ನನ್ನ ಪ್ರಕಾರ ಪ್ರಶ್ನೆನೇ ತಪ್ಪು. ಚೀಲ ತಾನಾಗೇ ಕೆಳಗೆ ಬರುತ್ತಾ ಅಂತ ನೋಡಿ ಭಾರ ಆರಿಸಬೇಕು.

(2/4)
ಯಾಕೆ ಹೇಳ್ತೀನಿ. ಮೇಲೆ ಹೋಗುವಾಗ ನಿಮ್ಮ ತೋಳಿನ ಬಲ ಇರುತ್ತೆ. ಇಳಿಯುವಾಗ ಚೀಲಕ್ಕೆ ಇರೋದು ಅದರ ತೂಕ ಮಾತ್ರ. ಅಷ್ಟರಲ್ಲೇ ಅದು ಈ ಕಡೆ ನೇತಾಡ್ತಿರೋ ದಾರವನ್ನೂ ಎತ್ತಬೇಕು, ತೊಗಟೆಯ ಘರ್ಷಣೆಯನ್ನೂ ಗೆಲ್ಲಬೇಕು. ದಾರ ಒಂದು ಒರಟು ಕೊಂಬೆ ಮೇಲೆ ಬಾಗಿದ್ರೆ ಬೇಕಾಗೋ ಎಳೆತ ಕೆಲವು ಪಟ್ಟು ಏರುತ್ತೆ. ಎರಡನೇ ಕೊಂಬೆಗೂ ಸುತ್ತಿ ಬಾಗಿದ್ರೆ ಆ ಪಟ್ಟು ಕೂಡಿಕೊಳ್ಳಲ್ಲ, ಗುಣಿಸಿಕೊಳ್ಳುತ್ತೆ. ಚಕ್ರಬಡ್ಡಿ ಥರ. ಸಾಲ ಮಾಡಿದವರಿಗೆ ಗೊತ್ತು.

ಅದಕ್ಕೇ ಮೊದಲು ತೊಗಟೆ ಮುಟ್ಟಿ ನೋಡಿ. ಮತ್ತಿ ಮತ್ತು ಹೊಳೆಮತ್ತಿ ಒಂದೇ ಕುಲದ ಮರಗಳು. ಆದರೆ ಮತ್ತಿಯ ತೊಗಟೆ ಮೊಸಳೆ ಚರ್ಮದ ಥರ ಬಿರುಕು ಬಿರುಕು, ಹೊಳೆಮತ್ತಿಯದ್ದು ನುಣುಪು. ಹೊಳೆಮತ್ತಿ, ನೀಲಗಿರಿ ಥರದ ನುಣುಪು ಮರಕ್ಕೆ 280 ಗ್ರಾಂ ಸಾಕಾಗಬಹುದು. ಮತ್ತಿ, ಹುಣಸೆ, ಹಳೇ ಮಾವು ಆದ್ರೆ ನಾನು 400ಕ್ಕಿಂತ ಕೆಳಗೆ ಇಳಿಯಲ್ಲ. ಎಸೆತ ನಾಲ್ಕು ಮೀಟರ್ ಕಮ್ಮಿ ಆದ್ರೂ ಪರವಾಗಿಲ್ಲ. 8 ಮೀಟರ್ ಎತ್ತರದ ಗಟ್ಟಿ ಕೊಂಬೆಗೆ ಬಿದ್ದು ಇಳಿದ ದಾರ, 14 ಮೀಟರ್‌ನಲ್ಲಿ ನೇತಾಡೋ ದಾರಕ್ಕಿಂತ ವಾಸಿ.

(3/4)
ಇದು ಬರೀ ಟೈಮ್ ವೇಸ್ಟ್ ವಿಷಯ ಅಲ್ಲ. ಹೋದ ವರ್ಷ ನಮ್ಮ ಗುಂಪಿನ ಹುಡುಗನೊಬ್ಬ ಸಿಕ್ಕಿಹಾಕ್ಕೊಂಡ ಹಗುರ ಚೀಲವನ್ನ ಸಿಟ್ಟಲ್ಲಿ ಜೋರಾಗಿ ಜಗ್ಗಿದ. ದಾರ ಕವಣೆ ಥರ ಬಿಗಿಯಾಗಿತ್ತು. ಚೀಲ ಕವಲಿಂದ ಕಿತ್ಕೊಂಡು ನೇರ ಅವನ ಮುಖಕ್ಕೇ ಬಂತು. ತುಟಿಗೆ ಮೂರು ಹೊಲಿಗೆ. "ಇನ್ನೊಂದ್ಸಲ ಎಳಿಯೋ" ಅಂತ ಪಕ್ಕದಲ್ಲಿ ನಿಂತು ಹೇಳಿದ್ದು ನಾನೇ. ಅವನಮ್ಮ ನನ್ನನ್ನ ಏನೂ ಬಯ್ಯಲಿಲ್ಲ, ಕಾಫಿ ಕೊಟ್ರು. ಅದೇ ಜಾಸ್ತಿ ಚುಚ್ಚಿತು.

ಆದ್ದರಿಂದ: ಚೀಲ ತಪ್ಪು ಕೊಂಬೆಗೆ ಬಿದ್ರೆ ಹಿಂದಕ್ಕೆ ಎಳೀಬೇಡಿ. ಮೆಲ್ಲಗೆ ದಾರ ಬಿಡ್ತಾ ನೆಲಕ್ಕೆ ಇಳಿಸಿ, ಚೀಲ ಬಿಚ್ಚಿ, ಬರೀ ದಾರ ಎಳ್ಕೊಳ್ಳಿ. ಬರೀ ದಾರ ಕವಲಲ್ಲಿ ಸಿಕ್ಕೋದು ಅಪರೂಪ. ಆದರೆ ಚೀಲ ಇಳಿದ್ರೆ ತಾನೇ ಬಿಚ್ಚೋದು? ಇಲ್ಲೇ ಭಾರದ ಬೆಲೆ ಗೊತ್ತಾಗೋದು. ಫೋಟೋದಲ್ಲಿರೋ ಕೆಂಪು ಚೀಲವನ್ನ ನಾವು ಜಗ್ಗಲಿಲ್ಲ. ಪಕ್ಕದ ಕೊಂಬೆಗೆ 400 ಗ್ರಾಂ ಹಾಕಿ, ಹಗ್ಗ ಏರಿಸಿ, ಹತ್ತಿ ಕೈಯಲ್ಲೇ ತೆಗೆದ್ವಿ.

"ಹಾಗಾದ್ರೆ ಎಲ್ಲದಕ್ಕೂ 450 ತಗೊಂಡ್ರೆ ಆಯ್ತಲ್ಲ?" ಅಂತೀರಾ. ಅದೂ ಬೇಡ. 15 ಮೀಟರ್‌ನಿಂದ ಬೀಳೋ ಚೀಲ ನೆಲ ಮುಟ್ಟುವಾಗ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿರುತ್ತೆ. ಭಾರ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಹೆಲ್ಮೆಟ್ ಹಾಕಿ, ಕೆಳಗೆ ಯಾರೂ ನಿಲ್ಲದ ಹಾಗೆ ನೋಡ್ಕೊಳ್ಳಿ. ಕರೆಂಟ್ ವೈರ್ ಹತ್ತಿರದ ಮರ ಬೇಡವೇ ಬೇಡ. ಎಸೆಯೋ ಮುಂಚೆ ಇಡೀ ಮರ ಸುತ್ತಿ ಹೆಜ್ಜೇನು ಇದೆಯಾ ನೋಡಿ. ಗೂಡಿಗೆ ಭಾರದ ಚೀಲ ಬಡಿದ್ರೆ ಓಡೋಕೂ ಟೈಮ್ ಸಿಗಲ್ಲ.

(4/4)
ಇನ್ನು ದುಡ್ಡಿನ ಮಾತು. ಹೊರದೇಶದ ಚೀಲ ತರಿಸೋದು ದುಬಾರಿ. ಅದಕ್ಕೆ ನಮ್ಮಲ್ಲಿ ಕಲ್ಲು, ನಟ್ಟು-ಬೋಲ್ಟು ಕಟ್ಟಿ ಎಸೆಯೋರು ಜಾಸ್ತಿ. ದಯವಿಟ್ಟು ಬೇಡ. ಕಲ್ಲು ಗಂಟಿಂದ ಜಾರುತ್ತೆ, ಬೋಲ್ಟಿನ ಮೂಲೆ ತೊಗಟೆ ಕಚ್ಚುತ್ತೆ, ತಲೆನೂ ಒಡೆಯುತ್ತೆ.

ಮರಳು ತುಂಬಿದ ಚೀಲ ಮೆತ್ತಗಿರುತ್ತೆ, ನಿಜ. ಆದರೆ 300 ಗ್ರಾಂ ಮರಳಿಗೆ ಸುಮಾರು 190 ಮಿ.ಲೀ. ಜಾಗ ಬೇಕು, ಒಂದು ಲೋಟದಷ್ಟು. ಅಷ್ಟೇ ತೂಕದ ಸಣ್ಣ ಸೀಸದ ಗುಂಡುಗಳಿಗೆ 50 ಮಿ.ಲೀ. ಕೂಡ ಬೇಡ. ದಪ್ಪ ಚೀಲ ಕವಲಲ್ಲಿ ಸಿಕ್ಕೋ ಸಾಧ್ಯತೆ ಹೆಚ್ಚು. ಸೀಸ ವಿಷ, ಚೀಲ ಹರಿದ್ರೆ ಮಣ್ಣಿಗೂ ಕೈಗೂ ಬರುತ್ತೆ. ನಾನು ಬಳಸೋದು ಸೈಕಲ್ ಬೇರಿಂಗ್‌ನ ಸಣ್ಣ ಉಕ್ಕಿನ ಗುಂಡುಗಳು. ಹಳೇ ಸ್ಕೂಲ್ ಬ್ಯಾಗಿನ ಗಟ್ಟಿ ಬಟ್ಟೆ, ಎರಡು ಹೊಲಿಗೆ, ಉದ್ದಕ್ಕೆ ತೆಳ್ಳಗಿನ ಆಕಾರ, ಮೇಲೊಂದು ಗಟ್ಟಿ ರಿಂಗು, ಎದ್ದು ಕಾಣೋ ಬಣ್ಣ. ಕೊನೆಗೆ ದಿನಸಿ ಅಂಗಡಿ ತಕ್ಕಡೀಲಿ ಇಟ್ಟು, ಬಂದ ತೂಕ ಚೀಲದ ಮೇಲೇ ಬರೆದಿಡಿ. ಅಂದಾಜಲ್ಲಿ ಎಸೆದ್ರೆ ಯಾವತ್ತೂ ಕಲಿಯಲ್ಲ.

ಒಂದೇ ಚೀಲಕ್ಕೆ ದುಡ್ಡಿದ್ರೆ 340. ಎರಡನೇದು ನಿಮ್ಮೂರಿನ ಮರ ನೋಡಿ: ನುಣುಪಿದ್ರೆ 280, ಒರಟಿದ್ರೆ 400 ಅಥವಾ 450. ಫ್ರೆಂಡ್ಸ್ ಹೊಗಳಿ ನುಗ್ಗೆ ಮರ ಹತ್ತಿಸ್ತಾರೆ, "ಇನ್ನೂ ಮೇಲೆ ಎಸಿ ಮಗಾ" ಅಂತಾರೆ. ಚೀಲ ನೆಲ ಮುಟ್ಟಿದ ಮೇಲೆ ಚಪ್ಪಾಳೆ ಹೊಡೀರಿ ಅನ್ನಿ.

ನಿಮ್ಮ ಮನೆ ಹತ್ತಿರ ಇರೋ ಮರ ಯಾವುದು, ತೊಗಟೆ ಹೇಗಿದೆ? ಕಾಮೆಂಟಲ್ಲಿ ಬರೀರಿ, ಎಷ್ಟು ಗ್ರಾಂ ಅಂತ ಕೂತು ಲೆಕ್ಕ ಹಾಕೋಣ. ಮುಂದಿನ ಕಂತು: ಕೊಂಬೆ ಗಟ್ಟಿ ಇದೆಯಾ ಅಂತ ಕೆಳಗಿಂದಲೇ ಪರೀಕ್ಷೆ ಮಾಡೋದು ಹೇಗೆ.

#ಮರಹತ್ತೋಮಾತು #ಥ್ರೋಬ್ಯಾಗ್ #ಕನ್ನಡದಲ್ಲಿ #ಹುಣಸೆಮರ