ನೈಟ್ ಡ್ಯೂಟಿ ಮುಗಿಸಿ ಬರೆದದ್ದು – 14: ಎಷ್ಟು ಮಾರ್ಕ್ಸ್ ಪುಟ್ಟಿ?

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪ ಮಗಳನ್ನ ಕೇಳಿದ್ರು, "ಎಷ್ಟು ಮಾರ್ಕ್ಸ್ ಪುಟ್ಟಿ?" ಆರು ವರ್ಷದ ಮಗು ನನ್ನ ಮುಖ ನೋಡ್ತು.

ಇಲ್ಲಿ ಇಂಗ್ಲೆಂಡಲ್ಲಿ ಇಯರ್ ಒನ್ ಮಕ್ಕಳಿಗೆ ಜೂನ್‌ನಲ್ಲಿ ಫೋನಿಕ್ಸ್ ಪರೀಕ್ಷೆ. 40 ಪದ ಓದಬೇಕು, ಅದರಲ್ಲಿ 20ಕ್ಕೆ ಅರ್ಥವೇ ಇಲ್ಲ! ಬಾಯಿಪಾಠವೋ, ಅಕ್ಷರ ಕೂಡಿಸಿ ಓದೋದೋ ಅಂತ ತಿಳಿಯೋಕೆ. ರ‍್ಯಾಂಕ್ ಗೀಂಕ್ ಇಲ್ಲ. ಪಾಸಾಗದವರಿಗೆ ಸಹಾಯ ಕೊಟ್ಟು ಮುಂದಿನ ವರ್ಷ ಮತ್ತೆ ನೋಡ್ತಾರೆ.

ನಮ್ಮವಳು ಪಾಸಾಗಲಿಲ್ಲ.

ಸುಳ್ಳು ಯಾಕೆ, ಮೊದಲು ನಾನೇ ಕೂಗಾಡಿದೆ. ನಿದ್ದೆಗೆಟ್ಟ ಸಿಟ್ಟು, ಜೊತೆಗೆ ಊರಲ್ಲಿ ಏನಂತಾರೋ ಅನ್ನೋ ಭಯ. ಪೇಷಂಟ್‌ಗೆ ಬೈದು ಬಿಪಿ ಇಳಿಸಕ್ಕಾಗಲ್ಲ ಅಂತ ಗೊತ್ತಿರೋ ನಂಗೆ ಮನೇಲಿ ಆ ಬುದ್ಧಿ ಬರಲಿಲ್ಲ ನೋಡಿ.

ಮನೇಲಿ ಕನ್ನಡ ಬಿಡಬೇಕಾ ಅಂತ ಟೀಚರ್‌ನ ಕೇಳಿದೆ. ಬೇಡವೇ ಬೇಡ ಅಂದ್ರು. ನಿಮ್ಮ ಭಾಷೇಲೇ ಕತೆ ಹೇಳಿ, ದಿನಾ ಹತ್ತು ನಿಮಿಷ ಪಕ್ಕದಲ್ಲಿ ಕೂತು ಓದಿಸಿ, ತಪ್ಪಿದ್ರೆ ಕಾಯಿರಿ ಅಂದ್ರು. ಈ ಕಾಯೋದೇ ನಂಗೆ ಕಷ್ಟ.

ಅಪ್ಪಾ, ನನ್ನ ಎಸ್ಸೆಸ್ಸೆಲ್ಸಿ ಗಣಿತದ ಅಂಕ ಬೀದಿಗೆಲ್ಲ ಸಾರಿದ್ರಲ್ಲ, ಅದಕ್ಕೆ ಬೇಜಾರಿಲ್ಲ. ಆದ್ರೆ ಭಾನುವಾರ ಫೋನ್ ಮಾಡಿದಾಗ ಮಾರ್ಕ್ಸ್ ಕೇಳಬೇಡಿ. ಕೆಂಚಿ ಕರು ಹಾಕಿದ ಕತೆ ಅರ್ಧಕ್ಕೆ ನಿಲ್ಸಿದ್ರಂತೆ, ಅದನ್ನ ಮುಗಿಸಿ. ದಿನಾ ಕೇಳ್ತಾಳೆ.