ಬೀಗ ಹಾಕಿದ ಮನೆ ಯಾರ ಲೆಕ್ಕಕ್ಕೆ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಪ್ರತಿ ಚಳಿಗಾಲದಲ್ಲಿ ದೂರದ ನಾಡುಗಳಿಂದ ಹಕ್ಕಿಗಳು ಬರುತ್ತವೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿ ಎಣಿಸುವವರು ಒಂದು ನಿಯಮವನ್ನು ಮರೆಯುವುದಿಲ್ಲ: ವಲಸೆ ಹಕ್ಕಿಯನ್ನು ಅದು ಬಂದಿರುವ ಕಾಲದಲ್ಲೇ ಎಣಿಸಬೇಕು. ಏಷ್ಯಾದ ನೀರುಹಕ್ಕಿಗಳ ಗಣತಿ ಜನವರಿಯಲ್ಲಿ ನಡೆಯುವುದು ಇದಕ್ಕಾಗಿಯೇ. ಮೇ ತಿಂಗಳ ಬಿಸಿಲಿನಲ್ಲಿ ಹೋದವನೊಬ್ಬ 'ಇಲ್ಲಿಗೆ ವಲಸೆ ಹಕ್ಕಿ ಬರುವುದಿಲ್ಲ' ಎಂದು ಬರೆದುಕೊಂಡು ಬಂದರೆ ತಪ್ಪು ಹಕ್ಕಿಯದಲ್ಲ, ಎಣಿಸಿದವನದು.

ವಿಜ್ಞಾನದ ಈ ಸರಳ ಪಾಠವನ್ನು ಅದೇ ಸೀಮೆಯ ಮನುಷ್ಯರ ವಿಷಯದಲ್ಲಿಯೂ ನೆನಪಿಡಬೇಕಾಗಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಬಹುಪಾಲು ಮಳೆಯನ್ನೇ ನಂಬಿದ ಬೆದ್ದಲು ಭೂಮಿ. ಸುಗ್ಗಿ ಮುಗಿದು ಊರಿನಲ್ಲಿ ಕೂಲಿ ನಿಂತಾಗ ತಾಂಡಾಗಳಿಂದ, ಕೇರಿಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಕೆಲವರು ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಇನ್ನು ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮುದುಕರು, ಕೆಲವೊಮ್ಮೆ ಶಾಲೆಗೆ ಹೋಗುವ ಮಕ್ಕಳು ಊರಿನಲ್ಲಿ ಉಳಿಯುತ್ತಾರೆ. ಉಳಿದವರು ಮರಳಿ ಬರುವುದು ಮುಂಗಾರಿನ ಹೊತ್ತಿಗೆ.

ಹೀಗೆ ಹೋದವರಲ್ಲಿ ಬೀಗ ಹಾಕಲು ಮನೆ ಇದ್ದವರೂ ಇದ್ದಾರೆ, ಮನೆಯೇ ಇಲ್ಲದವರೂ ಇದ್ದಾರೆ. ಒಂದೇ ಸೂರಿನಡಿ ಇಬ್ಬರು ಅಣ್ಣತಮ್ಮಂದಿರ ಸಂಸಾರ, ಇನ್ನೊಬ್ಬರ ಜಾಗದಲ್ಲಿ ಹಾಕಿಕೊಂಡ ಗುಡಿಸಲು, ಮಳೆಗಾಲದಲ್ಲಿ ಸೋರುವ ತಗಡಿನ ಶೆಡ್ಡು. ಹಳ್ಳಿಯ ವಸತಿಹೀನತೆಯ ರೂಪ ಇದು. ಪಟ್ಟಣದ ಫುಟ್‌ಪಾತಿನಲ್ಲಿ ಮಲಗಿದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಹಳ್ಳಿಯ ವಸತಿಹೀನನ ಸಂಕಟ ಹಾದುಹೋಗುವವರಿಗೆ ತಿಳಿಯುವುದಿಲ್ಲ.

ಸರ್ಕಾರದ ಲೆಕ್ಕಕ್ಕೂ ಆತ ಸುಲಭವಾಗಿ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ ಎಣಿಸಲಾಯಿತು. ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ ಜನ. ರಸ್ತೆ ಬದಿ, ರೈಲು ನಿಲ್ದಾಣ, ಗುಡಿಯ ಮಂಟಪ, ದೊಡ್ಡ ಕೊಳವೆಗಳೊಳಗೆ ಮಲಗಿದವರು ಈ ಲೆಕ್ಕಕ್ಕೆ ಬಂದರು. ಅಣ್ಣನ ಮನೆಯ ಪಡಸಾಲೆಯಲ್ಲಿ ಸಂಸಾರ ಹೂಡಿದವನು ಬರಲಿಲ್ಲ. ಅವನ ತಲೆಯ ಮೇಲೆ ಒಂದು ಸೂರು ಇತ್ತಲ್ಲ!

ಮನೆ ಮಂಜೂರಾಗುವುದು ಪಟ್ಟಿಯಿಂದ. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಗೆ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯೇ ಆಧಾರವಾಯಿತು. ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು ಪರಿಶೀಲಿಸಬೇಕೆಂಬ ನಿಯಮವೂ ಇತ್ತು. ಬಿಟ್ಟುಹೋದವರು ಬಹಳ ಇದ್ದಾರೆಂದು ತಿಳಿದ ಮೇಲೆ 2018ರಲ್ಲಿ ಮತ್ತೊಂದು ಸಮೀಕ್ಷೆ ಆರಂಭಿಸಬೇಕಾಯಿತು. ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯಲ್ಲಿಯೂ ಹಳ್ಳಿಯ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲೇ ಆಗಬೇಕು. ಅಂದರೆ ಒಂದು ಬಡ ಕುಟುಂಬದ ಹಣೆಬರಹದ ಒಂದು ಸಾಲು ಊರಿನ ಸಮುದಾಯ ಭವನದಲ್ಲೋ ಶಾಲೆಯ ಅಂಗಳದಲ್ಲೋ ಬರೆಯಲ್ಪಡುತ್ತದೆ. ಆ ದಿನ ಆ ಕುಟುಂಬ ಮಂಡ್ಯದ ಕಬ್ಬಿನ ಗದ್ದೆಯಲ್ಲಿದ್ದರೆ ಅವರ ಪರವಾಗಿ ಮಾತನಾಡುವವರು ಯಾರು?

ಊರಿನ ಸ್ವಯಂಸೇವಕರಿಗೆ ಕೆಲಸವಿರುವುದು ಇಲ್ಲಿಯೇ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗಳಲ್ಲಿ ಸಾಮಾಜಿಕ ನ್ಯಾಯ ಸಮಿತಿ ಇರಬೇಕೆಂದು ಹೇಳಿತು. ದುರ್ಬಲ ವರ್ಗದವರ ಹಿತ ನೋಡುವುದು ಅದರ ಕೆಲಸ. ಪಂಚಾಯಿತಿಯ ಸಮಿತಿಗಳು ಯುವಕ ಮಂಡಳಿ, ಮಹಿಳಾ ಮಂಡಳಿಗಳ ಸದಸ್ಯರನ್ನು ಜೊತೆಗೆ ಸೇರಿಸಿಕೊಳ್ಳಲು ಅದೇ ಕಾಯ್ದೆ ಬಾಗಿಲು ತೆರೆಯಿತು. ಪಟ್ಟಣಗಳಲ್ಲಿ ನಿವೇಶನ, ಮನೆಗಳಿಗೆ ಅರ್ಹರನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಅದರಲ್ಲಿ ಸರ್ಕಾರ ನಾಮಕರಣ ಮಾಡುವ ಸದಸ್ಯರೂ ಇರುತ್ತಾರೆ. ಚುನಾವಣೆಗೆ ನಿಲ್ಲದೆಯೂ ಊರಿನ ಬಡತನದ ಬಗ್ಗೆ ಸಲಹೆ ಕೊಡಬಹುದಾದ ಸ್ಥಾನಗಳಿವು. ಸಮಿತಿಯಲ್ಲಿ ಸ್ಥಾನ ಸಿಗದಿದ್ದರೂ ಚಿಂತೆಯಿಲ್ಲ. ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ.

ಸಣ್ಣ ಪಟ್ಟಣಗಳಲ್ಲಿ ಇಂಥ ಸಲಹೆಯ ಅಗತ್ಯ ಇನ್ನೂ ಹೆಚ್ಚು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ರಾತ್ರಿ ವಸತಿ ಕೇಂದ್ರ ಎಂಬ ಅಳತೆಯಿತ್ತು. 2011ರಲ್ಲಿ ಈ ಐದು ಊರುಗಳಲ್ಲಿ ಯಾವುದೂ ಒಂದು ಲಕ್ಷ ಮುಟ್ಟಿರಲಿಲ್ಲ. ದೊಡ್ಡ ನಗರದ ಅಳತೆಗೋಲಿಗೆ ಸಿಗದ ಕಷ್ಟವನ್ನು ಆ ಊರಿನವರೇ ಎತ್ತಿ ಹೇಳಬೇಕಾಗುತ್ತದೆ.

ಹಾಗಾದರೆ ಸ್ವಯಂಸೇವಕ ಏನು ಮಾಡಬೇಕು? ಭಾಷಣ ಬೇಕಿಲ್ಲ; ಒಂದು ನೋಟ್‌ಬುಕ್ಕು, ನಾಲ್ಕು ಸಂಜೆಗಳ ತಿರುಗಾಟ ಸಾಕು. ಗ್ರಾಮಸಭೆಗೆ ಮೊದಲು ವಾರ್ಡ್ ಸಭೆ ನಡೆಯಬೇಕು. ಅದಕ್ಕೂ ಮುಂಚೆ ಓಣಿ ಓಣಿ ತಿರುಗಿ, ಯಾವ ಮನೆಗೆ ಬೀಗ ಬಿದ್ದಿದೆ, ಒಂದೇ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತವೆ, ಯಾರಿಗೆ ಪಡಿತರ ಚೀಟಿ ಇಲ್ಲ, ಯಾರಿಗೆ ನಿವೇಶನದ ಪತ್ರವಿಲ್ಲ ಎಂದು ಗುರುತು ಹಾಕಿಕೊಳ್ಳಬೇಕು. ಗುಳೆ ಹೋದವರಿಗೆ ಫೋನಿನಲ್ಲಿ ಸಭೆಯ ದಿನಾಂಕ ತಿಳಿಸಬೇಕು. ಬರಲಾಗದವರ ಅರ್ಜಿಗೆ ಬೇಕಾದ ಕಾಗದಗಳನ್ನು ಅವರು ಊರಲ್ಲಿದ್ದಾಗಲೇ ಹೊಂದಿಸಿಡಬೇಕು. ಸಭೆಯಲ್ಲಿ ಆದ ತೀರ್ಮಾನ ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ನೋಡಿಕೊಂಡೇ ಏಳಬೇಕು. ಬಾಯಲ್ಲಿ ಉಳಿದ ಮಾತು ಮುಂದಿನ ಸಭೆಯವರೆಗೆ ಉಳಿಯುವುದಿಲ್ಲ.

ಈ ಕೆಲಸಕ್ಕೆ ನೆರವಾಗುವ ದಾಖಲೆಯೊಂದು ಪ್ರತಿ ಊರಿನಲ್ಲಿಯೂ ಇದೆ: ಶಾಲೆಯ ಹಾಜರಿ ಪುಸ್ತಕ. ಯಾವ ತಿಂಗಳಿನಿಂದ ಯಾವ ಓಣಿಯ ಮಕ್ಕಳು ಬರುತ್ತಿಲ್ಲ ಎಂಬುದು ಅಲ್ಲಿ ದಿನದ ಲೆಕ್ಕದಲ್ಲಿ ಇರುತ್ತದೆ. ಗುಳೆಯ ಕಾಲವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಾಗದ ಬೇರೆ ಸಿಗುವುದು ಕಷ್ಟ. ಮಕ್ಕಳ ಹೆಸರು ಬಯಲಿಗೆ ಬರಬೇಕಾಗಿಲ್ಲ; ತಿಂಗಳು, ಓಣಿ, ಸಂಖ್ಯೆ ಇಷ್ಟು ತಿಳಿದರೆ ಸಾಕು. ರಾಜ್ಯದ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ, ಅವುಗಳಲ್ಲಿ ಪಾಲಕರೇ ಮುಖ್ಯರು. ಸುಣ್ಣಬಣ್ಣ, ಕಾಂಪೌಂಡು, ಬಿಸಿಯೂಟಗಳ ಜೊತೆಗೆ 'ಈ ವರ್ಷ ಎಷ್ಟು ಮಕ್ಕಳು ಗುಳೆ ಹೋದರು' ಎಂಬ ಪ್ರಶ್ನೆಯನ್ನೂ ಪಾಲಕರು ಅಲ್ಲಿ ಕೇಳಬಹುದು. ಉತ್ತರವನ್ನು ಪಂಚಾಯಿತಿಗೆ ಮುಟ್ಟಿಸಬಹುದು. ಮಕ್ಕಳ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೂ ಇದನ್ನೇ ಕೇಳಬಹುದು.

ಕೆಲವು ಎಚ್ಚರಗಳೂ ಬೇಕು. ಸಹಪಾಠಿಯ ಬಡತನವನ್ನು ಎಲ್ಲರೆದುರು ಓದಿ ಹೇಳುವುದು ಸೇವೆಯಲ್ಲ, ಅವಮಾನ. ಮಾಹಿತಿ ಕೇಳುವಾಗ 'ನಿಮಗೆ ಮನೆ ಬರುತ್ತದೆ' ಎಂಬ ಭರವಸೆ ಕೊಡಬಾರದು. ಸಲಹಾ ಸಮಿತಿಗೆ ಹೆಸರು ಸೂಚಿಸುವ ಶಕ್ತಿಯಿದೆ, ಹಣ ಕೊಡುವ ಶಕ್ತಿಯಿಲ್ಲ. ತನ್ನ ಬಂಧುಗಳ ಹೆಸರು ಬಂದಾಗ ಸ್ವಯಂಸೇವಕ ಬದಿಗೆ ಸರಿದು ನಿಲ್ಲಬೇಕು. ಊರಿನಲ್ಲಿ ಪಕ್ಷ, ಪಂಗಡಗಳ ಒತ್ತಡ ಇದ್ದೇ ಇರುತ್ತದೆ. ಬರೆದಿಟ್ಟ ಲೆಕ್ಕವಿದ್ದರೆ ಅದಕ್ಕೆ ಉತ್ತರ ಹೇಳಬಹುದು.

ಹೆಸರು ಪಟ್ಟಿಗೆ ಬಂದರೂ ಎಲ್ಲವೂ ಮುಗಿಯುವುದಿಲ್ಲ. ಮನೆ ಕಟ್ಟಲು ಜಾಗ ಬೇಕು, ಜಾಗಕ್ಕೆ ಪತ್ರ ಬೇಕು. ತಾಂಡಾ, ಹಟ್ಟಿಗಳಂಥ ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿ ಮಾಡುವ ಕೆಲಸ ರಾಜ್ಯದಲ್ಲಿ ವರ್ಷಗಳಿಂದ ನಡೆದಿದೆ. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ಒಂದು ಲಕ್ಷಕ್ಕೂ ಮೀರಿದ ಹಕ್ಕುಪತ್ರಗಳನ್ನು ಸರ್ಕಾರ ವಿತರಿಸಿತು. ತಲೆಮಾರುಗಳಿಂದ ವಾಸಿಸಿದ ನೆಲ ಕಾಗದದ ಮೇಲೂ ತಮ್ಮದಾಗಲು ಇಷ್ಟು ಕಾಲ ಹಿಡಿಯಿತು. ಇಂಥ ಪತ್ರ ತಮ್ಮ ಊರಿನಲ್ಲಿ ಯಾರ ಕೈಸೇರಿದೆ, ಯಾರ ಕೈಸೇರಿಲ್ಲ ಎಂದು ವಿಚಾರಿಸುವುದೂ ಊರಿನ ಯುವಕರಿಗೆ ಒಗ್ಗುವ ಕೆಲಸವೇ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರ ಜೂನ್‌ನಲ್ಲಿ ಪ್ರಕಟವಾಯಿತು. ಮಾರ್ಚ್ ಎಂದರೆ ಈ ತಾಲ್ಲೂಕುಗಳಲ್ಲಿ ಗುಳೆಯ ಕಾಲ. ಹೋದವರು ಆಗ ಎಲ್ಲಿರುತ್ತಾರೋ ಅಲ್ಲಿಯ ಲೆಕ್ಕಕ್ಕೆ ಸೇರುತ್ತಾರೆ. ಆದ್ದರಿಂದ ತನ್ನ ಊರಿನ ನಿಜವಾದ ಲೆಕ್ಕವನ್ನು ಊರೇ ಇಟ್ಟುಕೊಳ್ಳಬೇಕು.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕವಿದೆ. ಅಕ್ಟೋಬರ್ 2ರಂದು ಅಲ್ಲಿ ಹೂವಿನ ಹಾರ ಬೀಳುತ್ತದೆ. ಅದೇ ದಿನ ಅನೇಕ ಊರುಗಳಲ್ಲಿ ಗ್ರಾಮಸಭೆಗಳೂ ಸೇರುತ್ತವೆ. ಹಾರ ಹಾಕಿ ಬಂದ ವಿದ್ಯಾರ್ಥಿ ಅಪ್ಪ ಅಮ್ಮನೊಂದಿಗೆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ಬಂದವರ ಸಹಿ ಪುಸ್ತಕ ಕೈಯಿಂದ ಕೈಗೆ ಸಾಗುವಾಗ ದೊಡ್ಡವರಲ್ಲಿ ಯಾರಾದರೂ ಎದ್ದು ಒಂದು ಪ್ರಶ್ನೆ ಕೇಳಲಿ: 'ಇವತ್ತು ಯಾರು ಬಂದಿಲ್ಲ, ಯಾಕೆ ಬಂದಿಲ್ಲ?'