ತಟ್ಟಬೇಕಾದದ್ದು ನೆತ್ತಿಯನ್ನಲ್ಲ, ಬೆನ್ನನ್ನು

ಉಣ್ಣುವಾಗ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಯುತ್ತಿದ್ದಾರೆ’ ಎಂದು ನೆತ್ತಿ ತಟ್ಟಿ ನೀರು ಕುಡಿಸುವುದು ನಮ್ಮ ಮನೆಗಳ ರೂಢಿ. ಸಣ್ಣ ಕೆಮ್ಮಿಗೆ ಅದು ನಡೆದೀತು. ಆದರೆ ತುತ್ತು ಶ್ವಾಸಮಾರ್ಗಕ್ಕೆ ಅಡ್ಡವಾಗಿ ಕುಳಿತಾಗ ಇದೇ ರೂಢಿ ಪ್ರಾಣಕ್ಕೆ ಎರವಾಗುತ್ತದೆ. ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳು ಹಾನಿಗೊಳ್ಳತೊಡಗುತ್ತದೆ.

ಹಲವು ವರ್ಷಗಳ ಹಿಂದೆ ಎರಡು ವರ್ಷದ ಕೂಸೊಂದನ್ನು ನಮ್ಮ ಚಿಕಿತ್ಸಾಲಯಕ್ಕೆ ಹೊತ್ತು ತಂದರು. ಜಾತ್ರೆಯಲ್ಲಿ ಶೇಂಗಾ ತಿಂದಿತ್ತು. ದಾರಿಯುದ್ದಕ್ಕೂ ನೆತ್ತಿ ತಟ್ಟಿದ್ದರು, ನೀರು ಹನಿಸಿದ್ದರು, ಬಾಯೊಳಗೆ ಬೆರಳಾಡಿಸಿದ್ದರು. ನಾವು ಕೈಗೆತ್ತಿಕೊಳ್ಳುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ತಿಳಿವಳಿಕೆಯನ್ನು ವೈದ್ಯರಾದ ನಾವೇ ಮುಟ್ಟಿಸಿರಲಿಲ್ಲ.

ಅವಸರ, ಹರಟೆ, ನಗೆಗಳನ್ನು ಬಿಟ್ಟು ಮನಸ್ಸಿಟ್ಟು ಉಣ್ಣಬೇಕೆಂಬುದು ಚರಕಸಂಹಿತೆಯ ವಿಮಾನಸ್ಥಾನದ ಭೋಜನವಿಧಿಯ ಸಾರ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ, ಕೊಬ್ಬರಿ ಚೂರು, ಪೆಪ್ಪರಮೆಂಟು ಕೊಡಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು. ಓಡುವ, ಅಳುವ ಮಗುವಿನ ಬಾಯಿಗೆ ತುತ್ತಿಡಬಾರದು. ಹಲ್ಲಿಲ್ಲದ ಹಿರಿಯರಿಗೆ ನೆಟ್ಟಗೆ ಕೂರಿಸಿ ಮೆತ್ತನೆಯ ಆಹಾರ ಕೊಡಬೇಕು. ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಯಾರೂ ಮಲಗಬಾರದು.

ಆದರೂ ಸಿಕ್ಕಿಕೊಂಡರೆ? ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಅದೇ ಮೊದಲ ಚಿಕಿತ್ಸೆ. ದನಿ ಹೊರಡದೆ, ಉಸಿರಾಡಲಾಗದೆ ಕತ್ತು ಹಿಡಿದುಕೊಂಡರೆ ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ರೋಗಿಯನ್ನು ಮುಂದಕ್ಕೆ ಬಾಗಿಸಿ, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಬೇಕು. ಹೊರಬಾರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ಈ ವಿಧಾನವನ್ನು ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಕಟಿಸಿದರು. ವಸ್ತು ಹೊರಬರುವವರೆಗೆ ಇವೆರಡನ್ನೂ ಸರದಿಯಂತೆ ಮಾಡಬೇಕು. ತುಂಬು ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು.

ಒಂದು ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಒತ್ತಲೇಬಾರದು. ಮುಂಗೈಯ ಮೇಲೆ ತಲೆ ತಗ್ಗುವಂತೆ ಬೋರಲು ಮಲಗಿಸಿ ಬೆನ್ನಿಗೆ 5 ಪೆಟ್ಟು, ಬಳಿಕ ಅಂಗಾತ ಹೊರಳಿಸಿ ಎದೆಯೆಲುಬಿನ ಕೆಳಭಾಗವನ್ನು 5 ಸಲ ಒತ್ತುವುದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ, ತಿಳಿದವರು ಕೂಡಲೇ ಸಿಪಿಆರ್ ಆರಂಭಿಸಬೇಕು. ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಬೇಕು.

ನಾಲ್ಕು ದಶಕ ಆಯುರ್ವೇದವನ್ನೇ ನಂಬಿ ನಡೆದ ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ: ಈ ಗಳಿಗೆಗೆ ಚೂರ್ಣವಿಲ್ಲ, ಕಷಾಯವಿಲ್ಲ, ಹತ್ತಿರವಿದ್ದವರ ಕೈಯೇ ಔಷಧ. ಆದ್ದರಿಂದ ದಾಸೋಹದಲ್ಲಿ ಬಡಿಸುವವರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ವಸತಿನಿಲಯದ ಅಡುಗೆಯವರಿಗೆ ಜಾತ್ರೆಗೆ ಮುನ್ನ ಒಂದು ಗಂಟೆಯ ತರಬೇತಿ ಏರ್ಪಡಿಸಬೇಕೆಂಬುದು ನಮ್ಮ ವಿನಂತಿ. ಅನ್ನವಿಕ್ಕುವ ಕೈಗೆ, ಆ ಅನ್ನ ಗಂಟಲಲ್ಲಿ ನಿಂತಾಗ ಹೊರತೆಗೆಯುವ ವಿದ್ಯೆಯೂ ಬರಬೇಕು.